ಮುಂದಿನ ಮಾಡೆಲ್

“ಇವತ್ತ ಒಯ್ಯಾಕ ಬಂದೀನಿ. ಕೊಡು,” ಎಂದು ಬಾಲಪ್ಪ ಗಾಜಿನ ಕೌಂಟರಿನ ಮೇಲೆ ಕೈಯೂರಿ ನಿಂತ.

ಅಬ್ರಾರ ತನ್ನ ರಿಪೇರಿ ಅಂಗಡಿಯಲ್ಲಿ ಯಾರದೋ ಫೋನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ತಲೆ ಎತ್ತಿ, “ಏನು ಒಯ್ಯಾಕ ಕಾಕಾ?” ಎಂದ.

“ನೀನ ಹೇಳಿದ್ದೆಲ್ಲೋ ತಮ್ಮಾ, ಆ ಗೇಮಿಂದು ಹೊಸಾದು ನಾಡ್ದು ಬರ್ತದ, ಅವಸರ ಮಾಡಬ್ಯಾಡ ಅಂತ. ಮೊನ್ನಿ ಹೇಳಿದ್ದಿ. ಇವತ್ತಿಗೆ ನಾಡ್ದು ಆತು.”

ಅಬ್ರಾರ ನಕ್ಕೇಬಿಟ್ಟ. ಅವನ ಮನೆಯ ಮಾತು ದಖ್ಖನಿ. ಆ ಮನೆಯಲ್ಲಿ, ಮೊನ್ನೆಗೂ ನಾಡಿದ್ದಿಗೂ ಒಂದೇ ಆದ ‘ಪರ್ಸೋಂ’ ಎನ್ನುವ ಶಬ್ದಕ್ಕೆ ಕ್ಯಾಲೆಂಡರಿನ ಹಂಗಿಲ್ಲ. ಅವನ ತಾಯಿ ಜೈತುನಬೀಗೆ ಹಿರಿಮಗಳ ಮದುವೆಯಾದದ್ದೂ ಪರ್ಸೋಂ, ಆ ಮಗಳ ಮಗ ಶಾಲೆಗೆ ಸೇರಿದ್ದೂ ಪರ್ಸೋಂ, ತಾನು ಹಜ್‌ಗೆ ಹೋಗುವುದೂ ಪರ್ಸೋಂ. ನಿನ್ನೆಯೂ ಅಲ್ಲ, ಇವತ್ತೂ ಅಲ್ಲ, ನಾಳೆಯೂ ಅಲ್ಲ, ಅಷ್ಟೇ ಅದರ ಅರ್ಥ. ಅಬ್ರಾರ ಕನ್ನಡ ಆಡುವಾಗ ಅದನ್ನೇ ‘ನಾಡ್ದು’ ಮಾಡಿ ಆಡುತ್ತಿದ್ದ. ಕೇಳುವವರ ನಾಡಿದ್ದು ಬೇರೆ ಇರಬಹುದೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ದೇವಾಪುರದಲ್ಲಿ ಕುರಿ ಸಾಕಿಕೊಂಡಿರುವ ಬಾಲಪ್ಪ ಮಾತ್ರ ಸೂರ್ಯ ಮುಳುಗುವುದನ್ನು ಎಣಿಸಿ ಬದುಕಿದವನು. ಬೆಳಗಿನ ಬಸ್ಸು ಹಿಡಿದು, ಸುರಪುರದಲ್ಲಿ ಇಳಿದು, ಮತ್ತೊಂದು ಬಸ್ಸು ಹತ್ತಿ ಶಹಾಪುರಕ್ಕೆ ಬಂದುಬಿಟ್ಟಿದ್ದ.

“ನಾಡ್ದು ಅಂದ್ರ ನಾಡ್ದೇ ಅಲ್ಲ ಕಾಕಾ. ಇನ್ನ ಸ್ವಲ್ಪ ದಿನ. ಈಗ ಇರೋದು ತಗೊಂಡ್ರ ಆಮ್ಯಾಲ ಹಳಹಳಿ ಆಗ್ತದ.”

“ಹಂಗಂತೀ?” ಬಾಲಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. “ನೀ ತಿಳದಾಂವ. ನನ್ನ ಮಗಳು ನಂದಾ ಕೇಳಿದ್ರ ಏನ ಹೇಳಲಿ?”

“ಬರ್ತದಂತ ಹೇಳ್ರಿ.”

ಬಾಲಪ್ಪ ಅಬ್ರಾರ ತರಿಸಿದ ಚಹಾ ಕುಡಿದು, ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದ.

ಕೈಯಲ್ಲಿ ಹಿಡಿದೂ ಆಡಬಹುದಾದ, ಟಿವಿಗೆ ಹಚ್ಚಿಯೂ ಆಡಬಹುದಾದ ಗೇಮಿನ ಯಂತ್ರ ಅದು. ನಡುವೆ ಪರದೆ, ಎಡಕ್ಕೊಂದು ಬಲಕ್ಕೊಂದು ಹಿಡಿಕೆ. ಎರಡೂ ಹಿಡಿಕೆ ಬಿಚ್ಚಿ ಬರುತ್ತವೆ. ಪರದೆಯನ್ನು ಎದುರಿಗೆ ನಿಲ್ಲಿಸಿ, ಕೈಗಳನ್ನು ಎತ್ತದೆ, ಹಾಸಿಗೆಯ ಮೇಲೆ ಬಿಟ್ಟಲ್ಲಿಯೇ ಒಂದೊಂದು ಹಿಡಿಕೆ ಇಟ್ಟುಕೊಂಡು ಆಡಬಹುದು. ಬಾಲಪ್ಪನ ಮಗಳು ಮಹಾನಂದಾಗೆ ಆ ಗೇಮೇ ಬೇಕಾಗಿದ್ದದ್ದು ಇದಕ್ಕಾಗಿ.

ಅವಳು ಸುರಪುರದ ತಹಶೀಲ ಕಚೇರಿಯ ಎದುರಿನ ಅಂಗಡಿಯೊಂದರಲ್ಲಿ ಅರ್ಜಿ ಟೈಪು ಮಾಡುತ್ತಿದ್ದವಳು. ಹೇಳುವವರು ಮಾತು ಮುಗಿಸುವ ಹೊತ್ತಿಗೆ ಅವಳ ಸಾಲು ಮುಗಿದಿರುತ್ತಿತ್ತು. ಆಮೇಲೆ ಸ್ನಾಯು ಕರಗುವ ರೋಗ ಬಂತು. ಮೊದಲು ಕಾಲು ಹೋದವು, ನಂತರ ತೋಳು ಸೋತವು. ಬೆರಳುಗಳಲ್ಲಿ ಮಾತ್ರ ಇನ್ನೂ ಜೀವ ಉಳಿದಿತ್ತು. ಕಲಬುರಗಿಯ ಡಾಕ್ಟರು ಅವೂ ಹೋಗುತ್ತವೆ ಎಂದಿದ್ದರು, ಯಾವಾಗ ಎಂದಿರಲಿಲ್ಲ. ಹೋಗುವ ಮುಂಚೆ ಅವುಗಳಿಂದ ಏನಾದರೂ ಮಾಡಬೇಕೆಂಬ ಹಟ ಅವಳಿಗೆ ಹತ್ತಿತ್ತು. ಗೇಮುಗಳ ಬಗ್ಗೆ ಅಬ್ರಾರ ತನ್ನ ಚಾನೆಲ್ಲಿನಲ್ಲಿ ಹಾಕುತ್ತಿದ್ದ ವಿಡಿಯೊ ನೋಡಿ, ಅದರ ಕೆಳಗಿದ್ದ ನಂಬರಿಗೆ ವಾಯ್ಸ್ ಮೆಸೇಜು ಕಳಿಸಿದ್ದಳು: “ಅಬ್ರಾರಭಾಯಿ, ಫೋನಿನ ಗಾಜು ಸವರಿ ಸವರಿ ಸಾಕಾಗ್ಯದರಿ. ಒತ್ತಿದ್ರ ಒತ್ತಿದ್ದು ಗೊತ್ತಾಗಬೇಕು ನೋಡ್ರಿ, ಟಕ್ ಅನಬೇಕು. ಅಂಥಾದ್ದು ಯಾವ್ದರ ಹೇಳ್ರಿ.”

ಅಬ್ರಾರನ ಚಾನೆಲ್ಲನ್ನು ನೋಡುತ್ತಿದ್ದವರು ಕಡಿಮೆ. ನೋಡುವಷ್ಟು ಮಂದಿಗೆ ಅವನೇ ಗುರು. ಹೊರಬಂದ ಗೇಮಿನ ಬಗ್ಗೆ ಯಾರು ಬೇಕಾದರೂ ಮಾತಾಡಬಹುದು. ಅವನ ಖುಷಿ ಇದ್ದದ್ದು ಇನ್ನೂ ಬಾರದ್ದರ ಬಗ್ಗೆ ಮಾತಾಡುವುದರಲ್ಲಿ. ಮುಂದಿನ ಮಾಡೆಲಿನ ಪರದೆ ಹೇಗಿರುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಹಿಡಿಕೆ ಎಷ್ಟು ಹಗುರವಾಗುತ್ತದೆ ಎಂದು ಹೇಳುವಾಗ ಅವನ ಕಣ್ಣು ಹೊಳೆಯುತ್ತಿದ್ದವು. ಯಾವ ದೇಶದವನೋ ಒಬ್ಬ ಖಾಲಿ ಪ್ಲಾಸ್ಟಿಕ್ ಕವಚದ ಮಸುಕು ಫೋಟೊ ಹಾಕಿದರೆ ಸಾಕು, ಇವನು ಅದರ ಮೇಲೊಂದು ವಿಡಿಯೊ ಮಾಡುತ್ತಿದ್ದ. “ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಯಾಂವ ನನ್ನ ಮಗ,” ಎಂದು ಜೈತುನಬೀ ಅಂಗಡಿಗೆ ಬಂದವರ ಮುಂದೆ ಆಡಿಕೊಳ್ಳುತ್ತಿದ್ದಳು.

ಮಹಾನಂದಾಗೆ ಕಾಯಲು ಹೇಳಿದ್ದರಲ್ಲಿ ಅವನ ದುರುದ್ದೇಶವೇನೂ ಇರಲಿಲ್ಲ. ಈಗಿರುವ ಹಿಡಿಕೆಯಲ್ಲಿ, ಆಟದ ಗೊಂಬೆಯನ್ನು ನಡೆಸಲು ಹೆಬ್ಬೆರಳಿನಿಂದ ವಾಲಿಸುವ ಕಡ್ಡಿ ಬಿರುಸು, ಬೆರಳಿಗೆ ಬಲ ಬೇಕು. ಮುಂದಿನದರಲ್ಲಿ ಅದು ಅಯಸ್ಕಾಂತದ ಮೇಲೆ ನಡೆಯುತ್ತದೆ, ಸೋಂಕಿದರೆ ಸಾಕು ಎಂದು ಸುದ್ದಿಯಿತ್ತು. ಅವಳಿಗೆ ಒಳ್ಳೆಯದೇ ಸಿಗಲಿ ಎಂದುಕೊಂಡಿದ್ದ. ಆದರೆ ಕಾಯಿರಿ ಎಂದು ಎಲ್ಲರಿಗೂ ಸಾರಿದ ಬಾಯಿಯಿಂದಲೇ ಹಳೆಯದನ್ನು ತರಿಸಿಕೊಡುವುದು ತನ್ನ ಮಾತಿಗೇ ಹಿನ್ನಡೆ ಎಂಬ ಬಿಂಕವೂ ಅದರಲ್ಲಿ ಸೇರಿತ್ತು.

ಅಪ್ಪ ಬರಿಗೈಲಿ ಮರಳಿದ ದಿನ ಅವಳ ಮೆಸೇಜು ಬಂತು. ನಗು ತಡೆದುಕೊಂಡು ಮಾತಾಡಿದ್ದಳು. “ನಿಮ್ಮ ಮನ್ಯಾಗ ನಾಡ್ದು ಯಾವಾಗ ಬರ್ತದರಿ? ನಮ್ಮಪ್ಪಗ ಹೇಳಿಬಿಡ್ರಿ, ಬಸ್ ಚಾರ್ಜರ ಉಳೀಲಿ.”

ಅಲ್ಲಿಂದ ಅದು ಇಬ್ಬರ ನಡುವೆ ಚೇಷ್ಟೆಯ ಮಾತಾಯಿತು. ಹತ್ತಿ ಮಾರ್ಕೆಟ್ಟಿಗೆ ಬಂದು ಹೋಯಿತು, ಕಾಲುವೆಯ ಕೆಳಗೆ ಎರಡನೆಯ ಬೆಳೆಯ ಭತ್ತ ನಾಟಿಯಾಯಿತು. ಹೊಸ ಮಾಡೆಲ್ ದೀಪಾವಳಿಗೆ ಎಂದರು, ಅಲ್ಲ ಯುಗಾದಿಗೆ ಎಂದರು. ಪ್ರತಿ ಸುದ್ದಿಯನ್ನೂ ಅವನು ಅವಳಿಗೆ ದಾಟಿಸಿದ. ಅವಳೂ ಪ್ರಶ್ನೆ ಕೇಳುತ್ತಿದ್ದಳು, ವಾದ ಮಾಡುತ್ತಿದ್ದಳು. ಅವನ ವಿಡಿಯೊಗಳನ್ನು ಅವಳಷ್ಟು ಲಕ್ಷ್ಯ ಕೊಟ್ಟು ನೋಡಿದವರು ಇನ್ನೊಬ್ಬರಿರಲಿಲ್ಲ. ಅವಳನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಆ ದನಿ ಮಾತ್ರ ಅಷ್ಟು ಗಟ್ಟಿಯಾಗಿತ್ತು. ಇಷ್ಟು ಗಟ್ಟಿ ದನಿಯವಳ ಕೈ ಅಷ್ಟು ಬೇಗ ಹೇಗೆ ಸೋತೀತು ಎಂದು ಅವನು ಒಳಗೊಳಗೇ ನಂಬಿಕೊಂಡುಬಿಟ್ಟಿದ್ದ.

ಆಮೇಲೆ ಕೆಲವು ದಿನ ಅವಳ ಮೆಸೇಜು ಬರಲಿಲ್ಲ. ಹಿಡಿಕೆಗಳು ಇನ್ನೂ ಹಗುರವಾಗುತ್ತವಂತೆ ಎಂದು ಅವನೇ ಕಳಿಸಿದ. ಮರುದಿನ ಉತ್ತರ ಬಂತು.

“ಅಬ್ರಾರಭಾಯಿ, ಈ ಫೋನ್ ನಮ್ಮವ್ವ ಹಿಡಕೊಂಡಾಳ. ನಿಮ್ಮ ಗೇಮಿನ ಮುಂದಿನ ಮಾಡೆಲ್ ಬಗ್ಗೆ ಎಲ್ಲಾ ಹೇಳಿದ್ರಿ. ಈಗ ನನ್ನ ಸುದ್ದಿ ಕೇಳ್ರಿ. ನಂದೂ ಮುಂದಿನ ಮಾಡೆಲ್ ಬರಾಕತ್ತದ. ಅದರಾಗ ಬಟನ್ ಒತ್ತೋ ಸವಲತ್ತು ತಗದಾರ.” ಅವಳು ನಕ್ಕಳು. ನಗು ಮುಗಿದ ಮೇಲೂ ಮೆಸೇಜು ಮುಗಿದಿರಲಿಲ್ಲ. ತಾಯಿ ಭೀಮಮ್ಮ ಮೂಗು ಸೀಟುವುದು, ಹಿತ್ತಲಲ್ಲಿ ಮರಿಯೊಂದು ಅರಚುವುದು ಕೇಳಿಸಿತು. ಆಮೇಲೆ, “ಇರೋದನ್ನ ತಂದು ಕೊಡ್ರಿ. ನಾಡ್ದು ಅನಬ್ಯಾಡ್ರಿ,” ಎಂದಳು.

ಅಬ್ರಾರನಿಗೆ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಎಲ್ಲಿಟ್ಟೆನೆಂಬುದೂ ಗೊತ್ತಾಗಲಿಲ್ಲ. ಹೈದರಾಬಾದಿನಲ್ಲಿ ಗೇಮು ಮಾರುವ ಗೆಳೆಯ ಮುಜಫರನಿಗೆ ಫೋನು ಹಚ್ಚಿ, ಹೊಸದೋ ಹಳೆಯದೋ, ಯಾವುದಿದ್ದರೂ ಇವತ್ತೇ ಕಳಿಸು ಎಂದ. ಮುಜಫರನಿಗೆ ನಗು. “ಕ್ಯಾ ಮಿಯಾ, ಎಲ್ಲರಿಗೂ ಕಾಯ್ರಿ ಅಂತ ಹೇಳಾಂವ ನೀನ!” ಯಾರೋ ಆಡಿ ಬಿಟ್ಟ ಒಂದೇ ಸೆಟ್ಟು ಅವನ ಬಳಿಯಿತ್ತು. ಅದನ್ನು ರೈಲಿನಲ್ಲಿ ಬರುವ ಒಬ್ಬ ಪರಿಚಯದವನ ಕೈಗೆ ಕೊಟ್ಟು ಕಳಿಸಿದ. ಅಬ್ರಾರ ಯಾದಗಿರಿ ಸ್ಟೇಷನ್ನಿಗೆ ಹೋಗಿ, ರೈಲು ನಿಲ್ಲುವ ಮೊದಲೇ ಬೋಗಿಯ ಪಕ್ಕ ಓಡಿ, ಅದನ್ನು ಇಸಿದುಕೊಂಡು ಬಂದ.

ಅಂಗಡಿಯಲ್ಲಿ ಚಾಲೂ ಮಾಡಿ ನೋಡಿದಾಗ ಅದರ ರೋಗ ಗೊತ್ತಾಯಿತು. ಎಡಗೈ ಹಿಡಿಕೆಯ ಕಡ್ಡಿ ಒಳಗೆ ಸವೆದುಹೋಗಿತ್ತು. ಯಾರೂ ಮುಟ್ಟದಿದ್ದರೂ ಎಡಕ್ಕೆ ಒತ್ತಿದಂತೆಯೇ ಯಂತ್ರಕ್ಕೆ ತಿಳಿಯುತ್ತಿತ್ತು; ಆಟದೊಳಗಿನ ಗೊಂಬೆ ತನ್ನಷ್ಟಕ್ಕೆ ತಾನೇ ಎಡಕ್ಕೆ ನಡೆಯುತ್ತಿತ್ತು. ಇದೇ ದೋಷದ ಬಗ್ಗೆ ಅವನು ಹಿಂದೆ ಉದ್ದನೆಯ ವಿಡಿಯೊ ಮಾಡಿದ್ದ. ಬಿಚ್ಚಿ, ಸ್ಪಿರಿಟ್ಟಿನಿಂದ ಒರೆಸಿ, ಮತ್ತೆ ಕೂಡಿಸಿದ. ಗೊಂಬೆ ನಿಲ್ಲಲಿಲ್ಲ. ಹೊಸ ಕಡ್ಡಿ ಬೇಕೆಂದರೆ ಹೈದರಾಬಾದಿನಿಂದಲೇ ತರಿಸಬೇಕು, ಅದಕ್ಕೆ ಮತ್ತಷ್ಟು ದಿನ. ಇನ್ನು ದಿನ ಕೇಳಲು ಅವನಿಗೆ ಬಾಯಿರಲಿಲ್ಲ. ಇದ್ದದ್ದನ್ನೇ ಚೀಲಕ್ಕೆ ಹಾಕಿಕೊಂಡು ಗಾಡಿ ಹತ್ತಿದ.

ದೇವಾಪುರದಲ್ಲಿ ಬಾಲಪ್ಪ ಬಾಗಿಲಲ್ಲೇ ಕಾದಿದ್ದ. “ಬಾ ತಮ್ಮಾ, ಬಾ. ಕೈ ಕಾಲು ತೊಳಿ,” ಎಂದು ನೀರು ಕೊಟ್ಟ. ಒಳಗೆ ಕಿಟಕಿಯ ಪಕ್ಕದ ಮಂಚದ ಮೇಲೆ, ಗೋಡೆಗೆ ದಿಂಬು ಕೊಟ್ಟು ಮಹಾನಂದಾಳನ್ನು ಕೂರಿಸಿದ್ದರು. ತಲೆ ಬಾಚಿ, ಹೂವು ಮುಡಿಸಿದ್ದರು. ಅಬ್ರಾರ ಅವಳ ಮುಖ ನೋಡಿದ, ಕೈ ನೋಡಿದ. ಅಂಗೈ ಮೇಲಾಗಿ ಮಡಿಲಲ್ಲಿ ಬಿದ್ದಿದ್ದ ಆ ಕೈಗಳನ್ನು ನೋಡಿ ಅವನಿಗೆ ತಾನು ಇಷ್ಟು ದಿನ ಆಡಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

“ಇಷ್ಟ ಸಣ್ಣವರೇನ್ರಿ ನೀವು? ವಿಡಿಯೊದಾಗ ಭಾಳ ದೊಡ್ಡವರ ಹಂಗ ಮಾತಾಡ್ತೀರಿ,” ಎಂದಳು ಮಹಾನಂದಾ.

“ತಪ್ಪಾತು,” ಎಂದ ಅಬ್ರಾರ. 

“ಬಿಡ್ರಿ. ಹಚ್ಚ್ರಿ ಮೊದ್ಲ.”

ಅವನು ಪರದೆಯನ್ನು ಅಕ್ಕಿಯ ಡಬ್ಬಿಗೆ ಆನಿಸಿ ಅವಳ ಎದುರಿಗೆ ನಿಲ್ಲಿಸಿದ. ಹಿಡಿಕೆ ಬಿಚ್ಚಿ, ಎಡಗಡೆಯದನ್ನು ಅವಳ ತೊಡೆಯ ಮೇಲೆ ಇಟ್ಟ. ಭೀಮಮ್ಮ ಮಗಳ ಕೈಯನ್ನು ಎತ್ತಿ ಅದರ ಮೇಲೆ ಇಟ್ಟಳು; ಹೆಬ್ಬೆರಳನ್ನು ಹಿಡಿದು ಕಡ್ಡಿಯ ತಲೆಯ ಮೇಲೆ ಕೂರಿಸಿ, ಜಾರುವುದಿಲ್ಲವೆಂದು ನೋಡಿ, ತನ್ನ ಕೈ ತೆಗೆದುಕೊಂಡಳು. ಪರದೆಯ ಮೇಲೆ ಹಸಿರು ಬಯಲು ತೆರೆದುಕೊಂಡಿತು. ಅದರಲ್ಲಿ ಬುಟ್ಟಿ ಹೊತ್ತ ಒಬ್ಬ ಹುಡುಗಿ ಆಟ ಶುರುವಾಗಲೆಂದು ಕಾದು ನಿಂತಿದ್ದಳು.

“ಒತ್ತ ನಂದಾ,” ಎಂದ ಬಾಲಪ್ಪ.

ಮಹಾನಂದಾ ಒತ್ತಿದಳು. ಅವಳ ಕುತ್ತಿಗೆಯ ನರ ಉಬ್ಬಿತು, ತುಟಿ ಬಿಳಿಚಿತು. ಹೆಬ್ಬೆರಳು ಹೇಗಿತ್ತೋ ಹಾಗೆಯೇ ಇತ್ತು. ಅಬ್ರಾರ ಅದನ್ನು ಕಣ್ಣು ಕೀಳದೆ ನೋಡುತ್ತಿದ್ದ, ಅದು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಪರದೆಯ ಮೇಲಿನ ಹುಡುಗಿ ಎಡಕ್ಕೆ ತಿರುಗಿ ನಡೆಯತೊಡಗಿದಳು.

“ನಡದಳೋ! ನಡದಳ ನೋಡೇ!” ಬಾಲಪ್ಪ ಹೆಂಡತಿಯ ತೋಳು ಹಿಡಿದು ಅಲುಗಿಸಿದ. “ನಂದಾ ನಡಸಾಕತ್ತಾಳ!”

ಭೀಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣೀರು ದಳದಳ ಇಳಿಯಿತು. “ಖರೇನ ನೀನ ನಡಸಾಕತ್ತೀಯೇನ ನನ್ನವ್ವಾ?”

ಮಹಾನಂದಾ ಪರದೆಯಿಂದ ಕಣ್ಣು ತೆಗೆದು ಅಬ್ರಾರನನ್ನು ನೋಡಿದಳು. ಕಡ್ಡಿ ಸವೆದು ಗೊಂಬೆ ತಾನೇ ನಡೆಯುವ ದೋಷದ ಬಗ್ಗೆ ಅವನು ಮಾಡಿದ ಆ ಉದ್ದನೆಯ ವಿಡಿಯೊವನ್ನು ಅವಳು ಕೊನೆಯವರೆಗೂ ನೋಡಿದ್ದಳು, ನೋಡಿ ಪ್ರಶ್ನೆಯನ್ನೂ ಕೇಳಿದ್ದಳು. ಅವಳಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಾಯಿತು. ಆದರೂ ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

“ಹೇಳಪಾ, ಅಕಿನ ಹೌದಲ್ಲೊ?” ಎಂದ ಬಾಲಪ್ಪ.

“ಹೌದ್ರಿ ಕಾಕಾ,” ಎಂದ ಅಬ್ರಾರ. “ಅವರೇ.”

ಬಾಲಪ್ಪ ಪಕ್ಕದ ಮನೆಯ ಮೌನಮ್ಮನನ್ನು ಕೂಗುತ್ತ ಹೊರಗೆ ಓಡಿದ. ಭೀಮಮ್ಮ ಸಕ್ಕರೆ ತರಲು ಅಡುಗೆಮನೆಗೆ ಹೋದಳು. ಕೋಣೆಯಲ್ಲಿ ಇಬ್ಬರೇ ಉಳಿದರು. ಹಸಿರು ಬಯಲು ಮುಗಿದು ಕಲ್ಲಿನ ಗೋಡೆಯೊಂದು ಅಡ್ಡ ಬಂತು. ಬುಟ್ಟಿಯ ಹುಡುಗಿ ಗೋಡೆಗೆ ಮುಖ ಹಚ್ಚಿ, ಇದ್ದಲ್ಲೇ ಕಾಲು ಹಾಕುತ್ತ ನಡೆಯುತ್ತಲೇ ಇದ್ದಳು. ಅವಳನ್ನು ತಿರುಗಿಸಲೆಂದು ಅಬ್ರಾರ ಹಿಡಿಕೆಯ ಕಡೆಗೆ ಕೈ ಚಾಚಿದ.

“ಮುಟ್ಟಬ್ಯಾಡ್ರಿ,” ಎಂದಳು ಮಹಾನಂದಾ, ಮೆಲ್ಲಗೆ. “ಮಂದಿ ಬರಾಕತ್ತಾರ.”

ಅವನು ಕೈ ಹಿಂದೆ ತೆಗೆದುಕೊಂಡ. ಅಂಗಳದಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿಸಿತು. ಹೆಬ್ಬೆರಳು ಕಡ್ಡಿಯ ಮೇಲೆ ತಾಯಿ ಇಟ್ಟ ಹಾಗೆಯೇ ಇತ್ತು. ಹುಡುಗಿ ಗೋಡೆಯ ಎದುರು ನಡೆಯುತ್ತಿದ್ದಳು.