ನೀಲಿ ಚುಕ್ಕೆಯ ಹನ್ನೆರಡು ಮಂದಿ

ಸ್ವಂತ ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಅಷ್ಟು ಸುಲಭದ ಕೆಲಸವೇನಲ್ಲ. ಹೊರಗಿನವರಾದರೆ ನಾಲ್ಕು ಮಾತು ಬಯ್ದು ಹಗುರಾಗಬಹುದು. ತಂಗಿಗೆ ಕೆಮ್ಮು ಬಂದರೆ ಔಷಧಿಯನ್ನೂ ತಂದುಕೊಡಬೇಕು, ಒಳಗೊಳಗೇ ಉರಿಯಲೂ ಬೇಕು. ಅಕ್ಕ ಎರಡು ವರ್ಷಗಳಿಂದ ಈ ಎರಡೂ ಕೆಲಸವನ್ನು ಚಾಚೂ ತಪ್ಪದೆ ಮಾಡಿಕೊಂಡು ಬಂದಿದ್ದಳು.

ಅಕ್ಕ ಇಂಜಿನಿಯರ್. ಆಸ್ಪತ್ರೆಯ ಸಾಮಾನುಗಳನ್ನು ರೂಪಿಸಿ ಪರೀಕ್ಷಿಸುವ ಒಂದು ಸಣ್ಣ ಸಂಶೋಧನಾಲಯದಲ್ಲಿ ಹದಿನಾರು ವರ್ಷ ಸವೆಸಿದವಳು. ತಂಗಿ ಓದಿದ್ದು ಮನುಷ್ಯರ ನಡವಳಿಕೆ: ಒಂದು ವಸ್ತುವನ್ನು ಮುಂದಿಟ್ಟರೆ ಜನ ಎಲ್ಲಿ ತಡವರಿಸುತ್ತಾರೆ, ಯಾಕೆ ತಪ್ಪುತ್ತಾರೆ ಎಂಬ ವಿದ್ಯೆ. ಅವಳನ್ನು ಅಲ್ಲಿ ಸೇರಿಸಿದ್ದೂ ಅಕ್ಕನೇ. ಮೊದಲ ದಿನ ಎಲ್ಲರೆದುರು ಬಾಯಿತಪ್ಪಿ "ಪುಟ್ಟೀ" ಎಂದು ಕರೆದಳು ನೋಡಿ, ಮೂವತ್ತನಾಲ್ಕು ವರ್ಷದ ಹೆಂಗಸು ಅಂದಿನಿಂದ ಇಡೀ ಕಚೇರಿಗೇ ಪುಟ್ಟಿಯಾದಳು. ಈಗ ಅಕ್ಕ ಯಾವ ನಕ್ಷೆ ಮುಂದಿಟ್ಟರೂ ಮುಖ್ಯಸ್ಥರು ಕನ್ನಡಕ ಹಣೆಗೇರಿಸಿ, "ಪುಟ್ಟಿ ಏನಂತಾರೆ?" ಎನ್ನುತ್ತಿದ್ದರು. ಫೋನ್ ಮಾಡಿದರೆ ಅಮ್ಮನದೂ ಅದೇ ರಾಗ.

"ಪುಟ್ಟೀನ ಒಂದು ಮಾತು ಕೇಳ್ಬಿಡು. ಅವಳಿಗೆ ಜನ ಅರ್ಥ ಆಗ್ತಾರೆ."

ಹಾಗಾದರೆ ನನಗೇನು ಬರೀ ಸ್ಕ್ರೂಗಳೇ ಅರ್ಥವಾಗುವುದೇ ಎಂದು ಅಕ್ಕ ಹಲ್ಲು ಕಡಿಯುತ್ತಿದ್ದಳು.

ಈ ಸಲ ಪರೀಕ್ಷೆಗೆ ಬಂದದ್ದು ಆಸ್ಪತ್ರೆಯ ಮಂಚದ ಬ್ರೇಕು. ಅಕ್ಕ ಮಂಚದ ಅಡಿಗೆ ಅಡ್ಡಡ್ಡ ಒಂದು ಉದ್ದನೆ ಕಂಬಿ ಜೋಡಿಸಿದ್ದಳು. ಒಮ್ಮೆ ತುಳಿದರೆ ಚಕ್ರ ನಿಲ್ಲುತ್ತದೆ, ಇನ್ನೊಮ್ಮೆ ತುಳಿದರೆ ಬಿಡುತ್ತದೆ. ಪುಟ್ಟಿ ಎರಡು ಪೆಡಲ್ ಸೂಚಿಸಿದ್ದಳು, ನಿಲ್ಲಿಸಲು ಒಂದು, ಬಿಡಲು ಒಂದು. ಎರಡರಲ್ಲಿ ಗೆದ್ದದ್ದು ನಾನೂರು ಮಂಚಗಳಿಗೆ ಕೂರಲಿತ್ತು. ಹದಿನಾರು ವರ್ಷಗಳಲ್ಲಿ ಅಕ್ಕ ರೂಪಿಸಿದ ಒಂದೇ ಒಂದು ವಸ್ತುವೂ ಆ ಕಟ್ಟಡದ ಬಾಗಿಲು ದಾಟಿರಲಿಲ್ಲ. ಎಲ್ಲವೂ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಈ ಕಂಬಿಯಾದರೂ ದಾಟಲೇಬೇಕು ಎಂದು ಅವಳು ಹಟ ಹಿಡಿದಿದ್ದಳು.

ಹನ್ನೆರಡು ಮಂದಿ ನರ್ಸುಗಳು, ಆಯಾಗಳು ಬಂದು ಎರಡೂ ಮಂಚಗಳನ್ನು ತಳ್ಳಿ, ನಿಲ್ಲಿಸಿ, ಬಿಟ್ಟು ಹೋದರು. ಅದರ ವಿಡಿಯೊ ನೋಡಿ ಇಬ್ಬರು ಬೇರೆಬೇರೆಯಾಗಿ ತಪ್ಪುಗಳನ್ನು ಗುರುತು ಹಾಕಬೇಕು. ಎಲ್ಲಿ ತಡವರಿಸಿದರು, ಎಲ್ಲಿ ಬಗ್ಗಿ ನೋಡಿದರು, ಬ್ರೇಕ್ ಬಿತ್ತೆಂದು ನಂಬಿ ಎಲ್ಲಿ ಮೋಸಹೋದರು, ಎಲ್ಲ. ಈ ಕೆಲಸದಲ್ಲಿ ಪಳಗಿದವರು ಅಲ್ಲಿ ಮೂವರೇ. ಒಬ್ಬಳು ಬಾಣಂತನಕ್ಕೆ ಹೋಗಿದ್ದಳು. ಉಳಿದವರು ಈ ಅಕ್ಕತಂಗಿಯರು. ಯಾರಿಗೂ ಯಾವುದು ಯಾರದೆಂದು ತಿಳಿಯಬಾರದೆಂದು ಮುಖ್ಯಸ್ಥರು ವಿಡಿಯೊದಲ್ಲಿ ಸೊಂಟದಿಂದ ಕೆಳಗಿನದು ಕಾಣದಂತೆ ಕತ್ತರಿಸಿದರು, ಸದ್ದು ತೆಗೆಸಿದರು. ಪರದೆಯ ಮೂಲೆಯಲ್ಲಿ ಒಂದು ಮಂಚಕ್ಕೆ ಹಳದಿ ಚುಕ್ಕೆ, ಇನ್ನೊಂದಕ್ಕೆ ನೀಲಿ. ಗುಟ್ಟು ಲಕೋಟೆಯೊಳಗೆ, ಲಕೋಟೆ ಅವರ ಮೇಜಿನ ಖಾನೆಯೊಳಗೆ.

ಮೊದಲ ದಿನ ಇಬ್ಬರೂ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. ಅಕ್ಕನ ಪರದೆ ಕಪ್ಪಾಗಿದ್ದಾಗ ಅದರಲ್ಲಿ ಓರೆಯಾಗಿ ಕೂತಿದ್ದ ಪುಟ್ಟಿಯ ಅರ್ಧ ಮುಖ, ಅವಳ ಪರದೆ ಎರಡೂ ಕಂಡವು. ನೀಲಿ ಚುಕ್ಕೆ. ವಯಸ್ಸಾದ ಆಯಾ ಒಬ್ಬಳು ಕೆಳಗೆ ನೋಡದೆಯೇ ಮಂಚ ನಿಲ್ಲಿಸಿ ಸೆರಗು ಸರಿಮಾಡಿಕೊಂಡಳು. ಪುಟ್ಟಿಯ ತುಟಿ ಅರಳಿತು. ಹಾಲು ಕುಡಿದಷ್ಟು ಸಂತೋಷ ಆ ಮುಖದಲ್ಲಿ!

ಓಹೋ, ನೀಲಿ ಇವಳದು ಅನ್ನು.

ಅಷ್ಟು ಸಾಕಾಯಿತು. ಅಂದಿನಿಂದ ನೀಲಿ ಚುಕ್ಕೆ ಕಂಡರೆ ಅಕ್ಕ ಮೈಯೆಲ್ಲ ಕಣ್ಣಾಗಿ ಕೂತಳು. ಒಬ್ಬಳು ನರ್ಸ್ ಅರೆಗಳಿಗೆ ಸುಮ್ಮನೆ ನಿಂತಳು: ತಡವರಿಕೆ. ಇನ್ನೊಬ್ಬ ಕಿಟಕಿಯತ್ತ ನೋಡಿದ: ಸಹಾಯ ಹುಡುಕಿದ್ದಾನೆ. ಆಯಾ ಮೂಗು ತುರಿಸಿಕೊಂಡಳು: ಗೊಂದಲ. ಸುಳ್ಳು ಬರೆಯುತ್ತಿದ್ದೇನೆಂದು ಅವಳಿಗೆ ಎಳ್ಳಷ್ಟೂ ಅನ್ನಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಹೊಟ್ಟೆಕಿಚ್ಚಿನ ಕಣ್ಣಿಗೆ ಅದೆಲ್ಲ ತಪ್ಪೇ ಆಗಿ ಕಾಣುತ್ತಿತ್ತು. ಹಳದಿ ಚುಕ್ಕೆ ಬಂದಾಗ ಮಾತ್ರ, ಪಾಪ, ಸುಸ್ತಾಗಿದ್ದಾರೆ ಎಂದು ಬಿಟ್ಟುಬಿಡುತ್ತಿದ್ದಳು.

ಸೋಮವಾರ ಮುಖ್ಯಸ್ಥರು ಇಬ್ಬರ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟರು. ಹಳದಿಗೆ ಪುಟ್ಟಿ ಹಾಕಿದ್ದು ಐದು ತಪ್ಪು, ಅಕ್ಕ ಮೂರು. ನೀಲಿಗೆ ಪುಟ್ಟಿ ನಾಲ್ಕು, ಅಕ್ಕ ಮೂವತ್ತೊಂದು.

"ಮೂವತ್ತೊಂದಾ?" ಎನ್ನುತ್ತಾ ಅವರು ಲಕೋಟೆ ಹರಿದರು. ಓದಿದರು, ಕನ್ನಡಕ ತೆಗೆದರು, ಅಕ್ಕನನ್ನೇ ದಿಟ್ಟಿಸಿದರು. "ನೀಲಿ ನಿಮ್ಮ ಕಂಬಿ ಕಣ್ರೀ!"

ಅಕ್ಕ ತನ್ನ ಹಾಳೆಯ ಮೂವತ್ತೊಂದನ್ನು ಇನ್ನೊಮ್ಮೆ ನೋಡಿದಳು.

"ನಿಮ್ಮದು ಅಂತ ನೀವು ಊಹಿಸಿಬಿಟ್ಟಿರ್ತೀರಿ, ಬಿಡಿ, ಮಾಡಿದವರಿಗೆ ಗೊತ್ತಾಗದೆ ಇರುತ್ತಾ? ಆದ್ರೂ ತಂಗಿಯದಕ್ಕೆ ಮೂರು, ತನ್ನದಕ್ಕೆ ಮೂವತ್ತೊಂದು! ತನ್ನ ಕೆಲಸವನ್ನೇ ಹೀಗೆ ಜಾಲಾಡೋರನ್ನ ನಾನು ಕಂಡಿಲ್ಲ." ಅವರ ದನಿಯೇ ಒದ್ದೆಯಾಗಿತ್ತು. "ಪುಟ್ಟಿ, ನೋಡಿ ಕಲೀರಿ. ರೋಗಿಗಳ ವಿಷಯ, ಕಟ್ಟುನಿಟ್ಟಿನ ಹಾಳೆಯನ್ನೇ ಇಟ್ಕೊಳ್ಳೋಣ. ಪೆಡಲ್‌ಗೇ ಒಪ್ಪಿಗೆ ಹಾಕ್ತೀನಿ."

ಎರಡು ವರ್ಷಗಳಿಂದ ಯಾವ ಮಾತಿಗಾಗಿ ಬಾಯಿಬಿಟ್ಟು ಕಾದಿದ್ದಳೋ ಆ ಮಾತು ಇಂದು ಸಿಕ್ಕಿತ್ತು, ಪುಟ್ಟಿಯ ಎದುರಿಗೇ. ಸುಮ್ಮನಿದ್ದರೆ ಹೊಗಳಿಕೆ ಉಳಿಯುತ್ತದೆ, ಕಂಬಿ ಕಪಾಟು ಸೇರುತ್ತದೆ. ಬಾಯಿ ಬಿಟ್ಟರೆ ಕಂಬಿಗೆ ಇನ್ನೊಂದು ಅವಕಾಶ, ಮಾನ ಮೂರುಕಾಸು. ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದರು.

"ಸಹಿ ಹಾಕ್ಬೇಡಿ ಸರ್," ಎಂದಳು ಅಕ್ಕ. "ಅದು ಪುಟ್ಟಿದು ಅಂದ್ಕೊಂಡಿದ್ದೆ."

"ಯಾವುದು?"

"ನೀಲಿ. ಅವಳದು ಅಂದ್ಕೊಂಡೇ ಅಷ್ಟು ತಪ್ಪು ಹುಡುಕಿದ್ದು. ಹೊಟ್ಟೆಕಿಚ್ಚು, ಸರ್. ಇನ್ನೇನಂತ ಹೇಳ್ಲಿ?"

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅದು ಬಿಡಲಿಲ್ಲ. ಪುಟ್ಟಿ ನಿಧಾನವಾಗಿ ಕುರ್ಚಿ ಮುಂದಕ್ಕೆಳೆದು ತನ್ನ ಹಾಳೆಯನ್ನು ಮೇಜಿನ ನಡುವೆ ತಳ್ಳಿದಳು.

"ನನ್ನ ಹಾಳೆಯೂ ಬೇಡ ಸರ್. ನೀಲಿ ಅಕ್ಕನದು ಅಂತ ನನಗೆ ಮೊದಲ ದಿನವೇ ಗೊತ್ತಾಯ್ತು. ಪೆಡಲ್ ಆದ್ರೆ ಜನ ಯಾವ ಕಾಲು ಅಂತ ಯೋಚಿಸಿ ಒಂದು ಕಡೆ ವಾಲ್ತಾರೆ, ಭುಜದಲ್ಲೇ ತಿಳಿಯುತ್ತೆ. ಕಂಬಿಗೆ ವಾಲಲ್ಲ. ಆ ಆಯಾ ಎಷ್ಟು ಸಲೀಸಾಗಿ ತುಳಿದ್ರು ಅಂದ್ರೆ ನನಗೆ ನಗುವೇ ಬಂತು, ಅಬ್ಬಾ, ಅಕ್ಕ ಗೆದ್ದಳು ಅಂತ. ಆಮೇಲೆ ಮೂರು ಕಡೆ ತಪ್ಪು ಕಂಡ್ರೂ ಗುರುತು ಹಾಕೋಕೆ ಕೈ ಏಳಲಿಲ್ಲ. ಹದಿನಾರು ವರ್ಷ ಆಯ್ತಲ್ಲ ಪಾಪ, ಹೋಗ್ಲಿ ಅನ್ನಿಸ್ತು."

ಮುಖ್ಯಸ್ಥರು ಇಬ್ಬರನ್ನೂ ನೋಡಿ ಎರಡೂ ಹಾಳೆಗಳನ್ನು ಮಡಚಿ ಕಸದ ಬುಟ್ಟಿಗೆ ಹಾಕಿದರು. "ಮನುಷ್ಯರ ನಡವಳಿಕೆಯ ಪರೀಕ್ಷೆ ಅಂತೆ!" ಎಂದಷ್ಟೇ ಗೊಣಗಿದರು.

ಬೇರೆ ಸಂಸ್ಥೆಯಿಂದ ಇಬ್ಬರು ಬಂದು ಹೊಸದಾಗಿ ಗುರುತು ಹಾಕಿದರು. ಹಳದಿಗೆ ಐದು ತಪ್ಪು, ನೀಲಿಗೆ ಏಳು. ಪೆಡಲ್ ಗೆದ್ದಿತು. ಕಂಬಿ ಕಪಾಟು ಸೇರಿತು.

ಅಕ್ಕ ಆ ಕಪಾಟಿನ ಮುಂದೆ ನಿಂತು ಮನಸ್ಸಿನಲ್ಲೇ ಕಳೆದಳು. ಏಳರಲ್ಲಿ ಪುಟ್ಟಿ ಬಿಟ್ಟುಕೊಟ್ಟ ಮೂರು ಹೋದರೆ ನಾಲ್ಕು. ಆ ನಾಲ್ಕೇ ನಿಂತಿದ್ದರೆ ನಾನೂರು ಮಂಚಗಳಿಗೂ ಅಕ್ಕನ ಕಂಬಿ ಕೂರುತ್ತಿತ್ತು, ಪುಟ್ಟಿಯ ಪೆಡಲ್ ಇಲ್ಲಿ ಬಿದ್ದಿರುತ್ತಿತ್ತು. ಅದು ಗೊತ್ತಿದ್ದೂ ಪುಟ್ಟಿ ಆ ಮೂರಕ್ಕೆ ಗುರುತು ಹಾಕಿರಲಿಲ್ಲ.

ಹಿಂದೆ ಪುಟ್ಟಿ ಎರಡು ಲೋಟ ಚಹಾ ಹಿಡಿದು ಬಂದು ನಿಂತಳು. "ಕೋಪಾನಾ ಅಕ್ಕಾ?"

"ಏನಿಲ್ಲ, ಕೊಡು," ಎಂದು ಅಕ್ಕ ಲೋಟ ಇಸಿದುಕೊಂಡಳು. ಸೋತದ್ದು ಅಷ್ಟೇನೂ ಉರಿಯುತ್ತಿರಲಿಲ್ಲ. ಇಬ್ಬರೂ ತಪ್ಪು ಮಾಡಿದ್ದರು. ಆ ತಪ್ಪಿನಲ್ಲೂ ಇವಳೇ ತನಗಿಂತ ಒಂದು ಕೈ ಮೇಲಾದಳಲ್ಲ, ಅದು ಉರಿಯುತ್ತಿತ್ತು.