ರೊಕ್ಕಾಮೆರ್ಲಾದ ಪ್ರಾಚೀನ ಪಥ

ರೊಕ್ಕಾಮೆರ್ಲಾದ ಮೇಯರ್ ಒತ್ತೊರೀನೊ ಬ್ರಗಾಲೆಗೆ ನಡೆಯುವುದೆಂದರೆ ಆಗುತ್ತಿರಲಿಲ್ಲ. ಅವನ ಮನೆಯಿಂದ ಚೌಕದ ಕಾಫಿ ಬಾರು ಕೂಗಳತೆಯಲ್ಲಿತ್ತು. ಅಲ್ಲಿಗೂ ಅವನು ಕಾರು ತೆಗೆಯುತ್ತಿದ್ದ. ಇಂಥವನು ಚುನಾವಣೆ ಹತ್ತಿರ ಬರುತ್ತಿದ್ದಂತೆ, ಊರಿಗೊಂದು ಚಾರಣದ ದಾರಿ ಆಗಲೇಬೇಕೆಂದು ಪಟ್ಟು ಹಿಡಿದು ಕೂತ.

ಇದಕ್ಕೆಲ್ಲ ಕಾರಣ ಗುಡ್ಡದಾಚೆಯ ಪಿಯೆವೆಸೊರ್ದಾ. ಆ ಊರಿನಲ್ಲಿ ಕೋಟೆಯಿಲ್ಲ, ಸೇತುವೆಯಿಲ್ಲ, ಹೇಳಿಕೊಳ್ಳುವಂಥ ಒಂದು ಕಲ್ಲೂ ಇಲ್ಲ. ಆದರೂ ಭಾನುವಾರ ಬಂತೆಂದರೆ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಲ್ಲಿನ ಮೇಯರ್ ಝೆಲಿಂದಾ ಮಾಂಸದಂಗಡಿಯವಳು. ಪ್ರತಿ ಭಾನುವಾರ ಅಂಗಡಿಯ ಮುಂದೆ ಉದ್ದನೆಯ ಹಲಗೆ ಹಾಕಿಸಿ, ಅದರ ಮೇಲೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಅಂಬಲಿಯಂಥ ಬಿಸಿ ಪೊಲೆಂಟಾ ಸುರಿದು, ನಡುವೆ ಹಂದಿಮಾಂಸದ ಸಾಸೇಜುಗಳನ್ನು ಗುಡ್ಡೆ ಹಾಕುತ್ತಿದ್ದಳು. ಸುತ್ತ ಕೂತವರು ತಮ್ಮ ತಮ್ಮ ಪಾಲಿಗೆ ಚಮಚದಲ್ಲಿ ಗೆರೆ ಎಳೆದುಕೊಂಡು ಹಲಗೆಯಿಂದಲೇ ತಿನ್ನುತ್ತಿದ್ದರು. ರೊಕ್ಕಾಮೆರ್ಲಾದಲ್ಲಿ ಕೋಟೆಯಿತ್ತು, ರೋಮನ್ನರ ಕಾಲದ್ದೆಂದು ಊರವರೆಲ್ಲ ನಂಬಿದ್ದ ಸೇತುವೆಯಿತ್ತು, ಬೆಟ್ಟದ ನೆತ್ತಿಯಲ್ಲಿ ಹಿಂದೆ ಸನ್ಯಾಸಿಯೊಬ್ಬ ಬಾಳಿದ ಗವಿಯಿತ್ತು. ನೋಡಲು ಬರುವವರು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಪ್ರಾಂತ್ಯದ ಪ್ರವಾಸೋದ್ಯಮ ಕಚೇರಿಯಿಂದ ಸುದ್ದಿ ಬಂತು. ಹಳೆಯ ಜಾಗಗಳನ್ನು ಒಂದಕ್ಕೊಂದು ಸೇರಿಸುವ ಕಾಲುದಾರಿಯಿದ್ದರೆ ಅದಕ್ಕೆ 'ಪ್ರಾಚೀನ ಪಥ' ಎಂಬ ಮನ್ನಣೆ ಕೊಡುತ್ತಾರಂತೆ. ಅಧಿಕಾರಿಯೊಬ್ಬರು ತಾವೇ ಬಂದು ನಡೆದು ನೋಡುತ್ತಾರಂತೆ. ಒತ್ತೊರೀನೊ ಅದೇ ಸಂಜೆ ಸಭೆ ಕರೆದ.

ದಾರಿ ಬೇಕೆನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಯಾವ ದಾರಿ ಎಂಬಲ್ಲಿ ಊರು ಹೋಳಾಯಿತು. ಚಾರಣಿಗರ ಸಂಘದ ಹಿರಿಯ, ರೈಲ್ವೆಯಿಂದ ನಿವೃತ್ತನಾದ ಎಜೀಸ್ತೊ, ದಾರಿ ಸೇತುವೆಯ ಮೇಲೆಯೇ ಹೋಗಬೇಕೆಂದ. ಉತ್ಸವ ಸಮಿತಿಯ ಅಧ್ಯಕ್ಷೆ ಫುಲ್ವಿಯಾ, ಗವಿಯನ್ನು ಬಿಟ್ಟರೆ ತಾನು ಸುಮ್ಮನಿರುವುದಿಲ್ಲವೆಂದಳು. ಸೇತುವೆ ಕೆಳಗೆ ಹೊಳೆಯಲ್ಲಿ, ಗವಿ ಮೇಲೆ ನೆತ್ತಿಯಲ್ಲಿ. ಎರಡನ್ನೂ ಒಂದೇ ದಿನದಲ್ಲಿ ಮುಟ್ಟಬೇಕಾದರೆ ಮೇಕೆಯಾಗಿ ಹುಟ್ಟಬೇಕಿತ್ತು. ಎಜೀಸ್ತೊನ ಹಿಂದೆ ಎಷ್ಟು ವೋಟು, ಫುಲ್ವಿಯಾಳ ಹಿಂದೆ ಎಷ್ಟು ಎಂದು ಒತ್ತೊರೀನೊ ಮನಸ್ಸಿನಲ್ಲೇ ತೂಗಿ ನೋಡಿದ. ತಕ್ಕಡಿ ಯಾವ ಕಡೆಗೂ ವಾಲಲಿಲ್ಲ.

"ಎರಡೂ ಇರಲಿ," ಎಂದ.

"ಎರಡೂ ಅಂದ್ರೆ?" ಎಂದ ಎಜೀಸ್ತೊ.

"ನಿನ್ನದು ಕೆಂಪು ಗುರುತು, ಫುಲ್ವಿಯಾದು ನೀಲಿ ಗುರುತು. ನಡೆಯೋರು ನಡ್ಕೊಂಡು ಹೋಗ್ತಾರೆ."

"ಉದ್ಘಾಟನೆ ದಿನ ನೀನು ಯಾವುದರಲ್ಲಿ ಹೋಗ್ತೀಯಪ್ಪಾ?" ಎಂದಳು ಫುಲ್ವಿಯಾ.

"ಅದನ್ನ ಆಗ ನೋಡೋಣ," ಎಂದು ಒತ್ತೊರೀನೊ ಸಭೆ ಮುಗಿಸಿದ. ತನ್ನ ಜಾಣತನಕ್ಕೆ ತಾನೇ ಮೆಚ್ಚಿ, ಆ ರಾತ್ರಿ ಹೆಂಡತಿ ಲೇದಾಳಿಗೆ ಇದನ್ನು ಎರಡು ಸಲ ಹೇಳಿದ.

ಉದ್ಘಾಟನೆಯ ಭಾನುವಾರ ಬೆಳಿಗ್ಗೆ ಅವನು ಹೊಸ ಚಾರಣದ ಬೂಟು ಹಾಕಿ, ಎದೆಗೆ ಮೇಯರಿನ ಮೂರು ಬಣ್ಣದ ಪಟ್ಟಿ ಕಟ್ಟಿ ಕನ್ನಡಿಯ ಮುಂದೆ ನಿಂತಾಗ ಲೇದಾ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಆ ಬೂಟು ಹಾಕ್ಕೊಂಡು ಒಂದ್ಸಲ ಮನೆಯೊಳಗಾದ್ರೂ ಓಡಾಡಿದೀಯಾ?"

"ಮೇಯರ್ ಅಂದ್ರೆ ಮುಂದೆ ನಿಂತು ನಡೆಸೋನು ಲೇದಾ."

"ಮುಂದೆ ನಿಲ್ಲು, ಯಾರು ಬೇಡ ಅಂದ್ರು. ನಡೆಯೋ ವಿಷಯ ಕೇಳ್ದೆ ನಾನು."

ಚೌಕದಲ್ಲಿ ವಾದ್ಯದವರು ಊದುತ್ತಿದ್ದರು. ಅಧಿಕಾರಿ ಮಾರ್ಕೆಜಾನಿ ಮೇಡಂ ಕೈಗೊಂದರಂತೆ ಕೋಲು ಹಿಡಿದು, ಎಲ್ಲದಕ್ಕೂ ಖುಷಿಪಡುತ್ತ ನಿಂತಿದ್ದರು. ಕೋಟೆ ನೋಡಿ ಖುಷಿಪಟ್ಟರು, ಕೋಟೆಯ ಗೋಡೆಗೆ ಯಾರೋ ಒಣಹಾಕಿದ್ದ ಒಳಚಡ್ಡಿಗಳನ್ನು ನೋಡಿ ಇನ್ನೂ ಹೆಚ್ಚು ಖುಷಿಪಟ್ಟರು. ಪಾದ್ರಿಗಳು ಎಲ್ಲರ ಮೇಲೂ, ಮುಖ್ಯವಾಗಿ ಬೂಟುಗಳ ಮೇಲೆ, ಪವಿತ್ರ ನೀರು ಚಿಮುಕಿಸಿದರು. ಒತ್ತೊರೀನೊ ಭಾಷಣ ಮಾಡಿದ. ನಮ್ಮ ಪೂರ್ವಿಕರ ಹೆಜ್ಜೆಯಲ್ಲಿ ಹೆಜ್ಜೆಯಿಡೋಣ ಎಂದು ಅವನು ಮುಗಿಸಿದಾಗ ವಾದ್ಯದವರು ಚಪ್ಪಾಳೆ ತಟ್ಟಿ, ಪೂರ್ವಿಕರ ಗೊಡವೆಗೆ ಹೋಗದೆ ಬಾರಿನೊಳಗೆ ನುಗ್ಗಿದರು.

ಉಳಿದವರು ಹೊರಟರು. ಚೆಸ್ಟ್‌ನಟ್ ತೋಪು ದಾಟುವವರೆಗೆ ಎಲ್ಲ ಸರಿಯಿತ್ತು. ತೋಪಿನ ಕೊನೆಯಲ್ಲಿ ದಾರಿ ಕವಲೊಡೆಯಿತು. ಎಡಗಡೆಯ ಬಂಡೆಗೆ ಕೆಂಪು ಬಳಿದಿತ್ತು, ಬಲಗಡೆಯ ಬಂಡೆಗೆ ನೀಲಿ. ಎಜೀಸ್ತೊ ತನ್ನವರೊಂದಿಗೆ ಎಡಕ್ಕೆ ತಿರುಗಿ ನಿಂತ, ಫುಲ್ವಿಯಾ ತನ್ನವರೊಂದಿಗೆ ಬಲಕ್ಕೆ. ಇಬ್ಬರೂ ಮೇಯರಿನ ಕಾಲುಗಳನ್ನೇ ನೋಡತೊಡಗಿದರು.

ಒತ್ತೊರೀನೊ ಒಮ್ಮೆ ಕೆಂಪನ್ನು ನೋಡಿದ, ಒಮ್ಮೆ ನೀಲಿಯನ್ನು. ಎಡಕ್ಕೆ ಕಾಲಿಟ್ಟರೆ ಬಲಗಡೆಯ ವೋಟು ಹೋಯಿತು, ಬಲಕ್ಕಿಟ್ಟರೆ ಎಡಗಡೆಯದು. ಎರಡು ಬಂಡೆಗಳ ನಡುವೆ ಪೊದೆ ಸರಿಸಿದರೆ ಕಾಣುವಂಥ, ಯಾವ ಬಣ್ಣವೂ ಇಲ್ಲದ ಒಂದು ಸಣ್ಣ ಜಾಡಿತ್ತು.

"ನೀವೆಲ್ಲ ನಿಮ್ಮ ನಿಮ್ಮ ದಾರೀಲಿ ನಡೀರಿ. ಮೇಡಂಗೆ ನಾನು ಒಂದು ವಿಶೇಷ ಜಾಗ ತೋರಿಸ್ಕೊಂಡು ಮುಂದೆ ಬಂದು ಸೇರ್ಕೋತೀನಿ."

"ಮುಂದೆ ಅಂದ್ರೆ ಎಲ್ಲಿ?" ಎಂದು ಎಜೀಸ್ತೊ ಕೂಗಿದ. ಪೊದೆ ಅಷ್ಟು ಹೊತ್ತಿಗೆ ಮುಚ್ಚಿಕೊಂಡಿತ್ತು.

ಹೀಗೆ ರೊಕ್ಕಾಮೆರ್ಲಾದ ಮೇಯರ್, ಪ್ರಾಂತ್ಯದ ಅಧಿಕಾರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ತಾನು ಹುಟ್ಟಿದ ಊರಿನ ಕಾಡನ್ನು ಮೊದಲ ಸಲ ಹೊಕ್ಕ. ಸ್ವಲ್ಪ ದೂರ ಹೋದ ಮೇಲೆ ದನಕ್ಕೆ ನೀರು ಕುಡಿಸುವ ಕಲ್ಲಿನ ತೊಟ್ಟಿಯೊಂದು ಕಂಡಿತು. ಮಾರ್ಕೆಜಾನಿ ಮೇಡಂ ಅದರ ಮುಂದೆ ನಿಂತು, "ಇದೇನಾ ಮೇಯರ್ರೇ ಆ ವಿಶೇಷ ಜಾಗ?" ಎಂದರು.

ಏನಾದರೂ ಹೇಳಲೇಬೇಕಿತ್ತು.

"ಹನ್ನಿಬಾಲ್," ಎಂದ ಒತ್ತೊರೀನೊ.

"ಹನ್ನಿಬಾಲ್?"

"ರೋಮಿನ ಮೇಲೆ ದಂಡೆತ್ತಿ ಬಂದನಲ್ಲ, ಅವನ ಆನೆಗಳು. ಇಲ್ಲೇ ನೀರು ಕುಡಿದಿದ್ದು."

"ಅಯ್ಯೋ ದೇವರೇ! ಇದನ್ನ ನಾನು ಎಲ್ಲೂ ಓದೇ ಇಲ್ವಲ್ಲ!"

"ಬರೆದೋರು ಯಾರೂ ನಮ್ಮೂರಿಗೆ ಬಂದಿಲ್ಲ ಮೇಡಂ. ಅದೇ ನಮ್ಮ ಕೊರಗು."

ಮೇಡಂ ಫೋನು ತೆಗೆದು ಬರೆದುಕೊಂಡರು. ಯಾರಾದರೂ ತನ್ನ ಮಾತನ್ನು ಬರೆದುಕೊಂಡದ್ದು ಒತ್ತೊರೀನೊನ ರಾಜಕೀಯ ಜೀವನದಲ್ಲೇ ಮೊದಲು. ಅವನಿಗೆ ಹುರುಪು ಬಂತು. ಕುಸಿದ ಸುಣ್ಣದ ಗೂಡೊಂದು ಎದುರಾದಾಗ ಅದನ್ನು ರೋಮನ್ ಸೈನಿಕರ ಕಾವಲುಮನೆ ಮಾಡಿದ. ಬರೀ ಕಲ್ಲುರಾಶಿಯೊಂದು ಕಂಡಾಗ ಅಲ್ಲೊಂದು ಸನ್ಯಾಸಿನಿಯರ ಮಠ ಕಟ್ಟಿ, ಅದನ್ನು ಭೂಕಂಪದಲ್ಲಿ ಬೀಳಿಸಿ, ಒಬ್ಬ ಮುದುಕಿಯನ್ನು ಮಾತ್ರ ಬದುಕಿಸಿದ. ಬದುಕಿದ ಮುದುಕಿಯ ಹೆಸರೇನೆಂದು ಮೇಡಂ ಕೇಳಿದಾಗ, ಬೇರೇನೂ ಹೊಳೆಯದೆ ತನ್ನ ಅತ್ತೆಯ ಹೆಸರು ಹೇಳಿದ.

ಆದರೆ ಅವನ ಹಿಮ್ಮಡಿ ಸುಳ್ಳು ಹೇಳುತ್ತಿರಲಿಲ್ಲ. ಬೂಟು ಕಚ್ಚಿ ಬೊಬ್ಬೆ ಎದ್ದಿತ್ತು, ಹೆಜ್ಜೆಗೊಮ್ಮೆ ಜೀವ ಹೋಗುತ್ತಿತ್ತು. ಜಾಡು ಯಾವ ಕಡೆ ತಿರುಗುತ್ತಿದೆಯೆಂದೇ ಅವನಿಗೆ ತಿಳಿಯದು. ಮರಗಳ ನಡುವೆ ಏನೋ ಗುರುಗುಟ್ಟಿದಾಗ ಅವನು ತನಗೇ ಗೊತ್ತಾಗದಂತೆ ಮೇಡಂ ಬೆನ್ನ ಹಿಂದೆ ಸರಿದು ನಿಂತಿದ್ದ. ಕಾಡುಹಂದಿಯೊಂದು ಮರಿಗಳ ಸಮೇತ ದಾರಿ ದಾಟಿ, ಇವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇಳಿಜಾರಿನಲ್ಲಿ ಮರೆಯಾಯಿತು.

"ಏನು ಸೌಜನ್ಯ ನಿಮ್ಮದು," ಎಂದರು ಮೇಡಂ. "ನನಗೆ ಚೆನ್ನಾಗಿ ಕಾಣಲಿ ಅಂತ ಪಕ್ಕಕ್ಕೆ ಸರಿದ್ರಿ."

"ಅತಿಥಿಗಳು ಮೇಡಂ ನೀವು," ಎಂದು ಅವನು ಎದೆಯ ಪಟ್ಟಿ ಸರಿಮಾಡಿಕೊಂಡ.

ಜಾಡು ಇಳಿಯತೊಡಗಿತು. ಇಳಿಯುತ್ತಾ ಇಳಿಯುತ್ತಾ ಗಾಳಿಯಲ್ಲಿ ಸಾಸೇಜು ಬೇಯುವ ವಾಸನೆ ಬಂತು. ಬಾಯಲ್ಲಿ ನೀರೂರಿದ ಗಳಿಗೆಯಲ್ಲೇ ಒತ್ತೊರೀನೊ ಗಕ್ಕನೆ ನಿಂತ, ಯಾಕೆಂದರೆ ಮರಗಳ ಸಂದಿಯಲ್ಲಿ ಕಂಡ ಗಂಟೆಗೋಪುರ ಅವನ ಊರಿನದಾಗಿರಲಿಲ್ಲ. ಗೋಪುರವೆನ್ನಲು ಲಾಯಕ್ಕಿಲ್ಲವೆಂದು ಅವನೇ ಎಷ್ಟೋ ಭಾಷಣಗಳಲ್ಲಿ ಲೇವಡಿ ಮಾಡಿದ್ದ ಪಿಯೆವೆಸೊರ್ದಾದ ಗಿಡ್ಡ ಗೋಪುರ ಅದು. ತಿರುಗಿ ಹತ್ತೋಣವೆಂದರೆ ಹಿಮ್ಮಡಿ ಒಪ್ಪಲಿಲ್ಲ.

"ಆಹಾ! ಕೊನೇಲಿ ಊಟದ ಏರ್ಪಾಡೂ ಇದೆ!" ಎಂದು ಮೇಡಂ ಕೋಲುಗಳನ್ನು ಮೇಲೆತ್ತಿದರು. "ಎರಡು ಊರುಗಳನ್ನ ಸೇರಿಸೋ ದಾರಿ! ಇದನ್ನ ಯಾಕೆ ಮುಂಚೆ ಹೇಳಲಿಲ್ಲ ನೀವು?"

"ಅನಿರೀಕ್ಷಿತವಾಗಿರಲಿ ಅಂತ," ಎಂದ ಒತ್ತೊರೀನೊ. ಅದಂತೂ ನಿಜವಾಗಿತ್ತು.

ಝೆಲಿಂದಾ ತಾಮ್ರದ ಹಂಡೆಯ ಮುಂದೆ ಅಂಗಿಯ ತೋಳು ಮಡಚಿ ನಿಂತು ಪೊಲೆಂಟಾ ತಿರುವುತ್ತಿದ್ದಳು. ಮೂರು ಬಣ್ಣದ ಪಟ್ಟಿ, ಅದಕ್ಕಂಟಿದ ಮುಳ್ಳು, ಕುಂಟುವ ಕಾಲು ಎಲ್ಲವೂ ಒಂದೇ ನೋಟಕ್ಕೆ ಅವಳಿಗೆ ಸಿಕ್ಕವು.

"ಬಾರಪ್ಪಾ ಒತ್ತೊರೀನೊ! ಏನು, ದಾರಿ ತಪ್ಪಿ..."

"ಹೇಳಿದ್ದ ಹೊತ್ತಿಗೇ ಬಂದಿದೀವಿ ನೋಡು," ಎಂದು ಅವನು ಗಂಟಲೇರಿಸಿ, ಮೇಡಂಗೆ ಕಾಣದಂತೆ ಕಣ್ಣಿನಲ್ಲೇ ಕೈಮುಗಿದ.

ಝೆಲಿಂದಾ ಕೈಯಲ್ಲಿದ್ದ ಉದ್ದನೆಯ ಕೋಲನ್ನು ಅಣ್ಣನ ಮಗನಿಗೆ ಕೊಟ್ಟು, ಮೇಡಂರನ್ನು ಒಳ್ಳೆಯ ಜಾಗದಲ್ಲಿ ಕೂರಿಸಿ, ಗ್ಲಾಸಿಗೆ ವೈನ್ ಹಾಕಿದಳು. ಆಮೇಲೆ ಮೇಯರಿನ ರಟ್ಟೆ ಹಿಡಿದು ಸೌದೆ ರಾಶಿಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ಯಾವಾಗ ಹೇಳಿದ್ದೆ ನೀನು?"

"ಈಗ ಹೇಳ್ತಿದೀನಲ್ಲ."

"ಹೋದ ತಿಂಗಳು ನನ್ನೂರನ್ನ ಹಂದಿ ಕೊಟ್ಟಿಗೆ ಅಂದ್ಯಂತೆ. ಅದನ್ನೂ ಮೇಡಂಗೆ ಹೇಳ್ಲಾ?"

"ಚುನಾವಣೆ ಮಾತು ಝೆಲಿಂದಾ, ಮನಸ್ಸಿಗೆ ಹಚ್ಕೋತಾರಾ? ಮಾನ ಉಳಿಸು ತಾಯಿ."

ಝೆಲಿಂದಾ ಯೋಚಿಸಿದಳು. ಮಾಂಸ ಕಡಿಯುವ ಮುಂಚೆ ಎಲ್ಲಿ ಮೂಳೆ, ಎಲ್ಲಿ ಸಂದು ಎಂದು ನೋಡುವ ಹಾಗೆ ಅವನನ್ನು ನೋಡಿದಳು.

"ಸರಿ. ದಾರಿ ನಿನ್ನೂರಲ್ಲಿ ಶುರುವಾಗಿ ನನ್ನೂರಲ್ಲಿ ಮುಗಿಯುತ್ತೆ. ಬೋರ್ಡಿನ ಮೇಲೂ ಹಾಗೇ ಬರೀಬೇಕು."

"ಮುಗಿದ ಮೇಲೆ ವಾಪಸ್ ನಮ್ಮೂರಿಗೆ ನಡ್ಕೊಂಡು..."

"ನನ್ನ ಸಾಸೇಜು ತಿಂದೋನು ಆ ಗುಡ್ಡ ಹತ್ತುತಾನಾ? ನಮ್ಮ ವ್ಯಾನು ಕಾರಿನ ಹತ್ರ ಬಿಟ್ಟು ಬರುತ್ತೆ. ಒಪ್ಪಿಗೆಯೋ, ಮೇಡಂನ ಕರೀಲೋ?"

ಅವನು ಒಪ್ಪಿದ. ಒಪ್ಪಿದ್ದಕ್ಕೆ ಅವಳು ಮುಲಾಮು ತರಿಸಿ, ಹಿಮ್ಮಡಿಗೆ ಪಟ್ಟಿ ಕಟ್ಟಿಸಿ, ಕಾಡುಹಂದಿ ಸಾರಿನ ಹತ್ತಿರದ ಜಾಗ ಕೊಟ್ಟಳು. ಮಾರ್ಕೆಜಾನಿ ಮೇಡಂ ಅಷ್ಟು ಹೊತ್ತಿಗೆ ಪಿಯೆವೆಸೊರ್ದಾದವರಿಗೆಲ್ಲ ಆನೆಗಳ ಕಥೆ ಹೇಳಿ ಮುಗಿಸಿದ್ದರು. ಆನೆಗಳು ನೀರು ಕುಡಿದದ್ದು ರೊಕ್ಕಾಮೆರ್ಲಾದಲ್ಲೇ ಇರಬಹುದು, ಆದರೆ ಮಲಗಿದ್ದು ನಮ್ಮ ಹುಲ್ಲುಗಾವಲಿನಲ್ಲಿ ಎಂದು ಮುದುಕನೊಬ್ಬ ತಕರಾರು ತೆಗೆದಿದ್ದ.

ಕತ್ತಲಾಗುವ ಹೊತ್ತಿಗೆ ವ್ಯಾನಿನಲ್ಲಿ ಮನೆಗೆ ಬಂದ ಒತ್ತೊರೀನೊಗೆ ಅಡುಗೆಮನೆಯಲ್ಲಿ ಎಜೀಸ್ತೊ, ಫುಲ್ವಿಯಾ ಇಬ್ಬರೂ ಕಾದಿದ್ದರು. ವರ್ಷಗಳಿಂದ ಮುಖ ಕೊಟ್ಟು ಮಾತಾಡದವರು ಒಂದೇ ಬೆಂಚಿನಲ್ಲಿ ಕೂತಿದ್ದರು. ಸೇತುವೆಯ ಮೇಲೆ ಒಂದು ಗುಂಪು, ಗವಿಯ ಮುಂದೆ ಇನ್ನೊಂದು ಗುಂಪು ಮಧ್ಯಾಹ್ನವೆಲ್ಲ ಅವನ ದಾರಿ ನೋಡಿ, ಹಸಿದು, ಬೈದುಕೊಂಡು ಮನೆ ಸೇರಿದ್ದವು.

"ಅವಳ ದಾರೀಲಿ ಹೋದ್ಯಾ?" ಎಂದ ಎಜೀಸ್ತೊ.

"ಇಲ್ಲ."

"ಅಂದ್ರೆ ಇವನ ದಾರೀಲಿ ಹೋಗಿದೀಯ," ಎಂದಳು ಫುಲ್ವಿಯಾ.

"ಅದೂ ಇಲ್ಲ. ಮೇಡಂ ಇಬ್ಬರದನ್ನೂ ಆರಿಸಲಿಲ್ಲ. ಮೂರನೇದು ಹಿಡಿಸ್ತು."

ಮೊದಲು ಎಜೀಸ್ತೊನ ಮುಖ ಸಡಿಲವಾಯಿತು, ಆಮೇಲೆ ಫುಲ್ವಿಯಾಳದು. ತಾನು ಗೆಲ್ಲದಿದ್ದರೂ ಆ ಇನ್ನೊಬ್ಬರು ಗೆದ್ದಿಲ್ಲವೆಂಬುದು ಇಬ್ಬರಿಗೂ ಹೊಟ್ಟೆ ತುಂಬಿದಷ್ಟು ಸಮಾಧಾನ ತಂದಿತ್ತು. ಲೇದಾ ಕೊಟ್ಟ ಕಾಫಿ ಕುಡಿದು, ಒಳ್ಳೆಯ ಕೆಲಸ ಮಾಡಿದೆಯೆಂದು ಅವನ ಬೆನ್ನು ತಟ್ಟಿ ಹೋದರು. ಚುನಾವಣೆಯಲ್ಲಿ ಇಬ್ಬರ ಕಡೆಯವರೂ ಅವನಿಗೇ ವೋಟು ಹಾಕಿದರು.

ವಸಂತದಲ್ಲಿ ಮನ್ನಣೆ ಬಂತು, ಅದರ ಹಿಂದೆಯೇ ಬೋರ್ಡುಗಳು ಬಂದವು. ಜನವೂ ಬಂದರು. ಬೆಳಿಗ್ಗೆ ರೊಕ್ಕಾಮೆರ್ಲಾದ ಮನೆಬಾಗಿಲುಗಳಿಗೆ ಅಡ್ಡ ಕಾರು ನಿಲ್ಲಿಸಿ, ಬಾರಿನ ಶೌಚಾಲಯ ಬಳಸಿ, ನಲ್ಲಿಯಲ್ಲಿ ಬಾಟಲಿ ತುಂಬಿಸಿಕೊಂಡು, ಕೋಟೆಯ ಕಡೆ ತಲೆಯೆತ್ತಿಯೂ ನೋಡದೆ ಕಾಡು ಹೊಕ್ಕು, ಪಿಯೆವೆಸೊರ್ದಾದಲ್ಲಿ ಕಂಠಮಟ್ಟ ತಿಂದು, ವ್ಯಾನಿನಲ್ಲಿ ಬಂದು ಕಾರು ತೆಗೆದುಕೊಂಡು ಹೋಗುತ್ತಿದ್ದರು. ಬಾರಿನವನು ಮೇಯರಿನ ಕಾಫಿಗೆ ಸಕ್ಕರೆ ಕೊಡುವುದನ್ನೇ ನಿಲ್ಲಿಸಿದ.

ಒಂದು ಭಾನುವಾರ ಒತ್ತೊರೀನೊ ಹೊರಗೆ ಬಂದರೆ ಅವನ ಕಾರಿನ ಹಿಂದೆಮುಂದೆ ಚಾರಣಿಗರ ಕಾರುಗಳು. ಲೇದಾ ತವರಿಗೆ ಹೋಗಿದ್ದಳು, ಮನೆಯಲ್ಲಿ ಅಡುಗೆಯಿರಲಿಲ್ಲ. ಬೇರೆ ದಾರಿ ಕಾಣದೆ ಅವನು ಹಳೆಯ ಚಪ್ಪಲಿಯಲ್ಲೇ ಕಾಡಿನ ಕಡೆ ನಡೆದ.

ತೊಟ್ಟಿಯ ಪಕ್ಕದ ಬೋರ್ಡನ್ನು ಅವನು ಅಂದೇ ಮೊದಲ ಸಲ ನಿಂತು ಓದಿದ. ಆನೆಗಳು ಇಲ್ಲಿ ಒಂದು ವಾರ ತಂಗಿದ್ದವೆಂದೂ, ಅವುಗಳಲ್ಲೊಂದು ಇಲ್ಲೇ ಮರಿ ಹಾಕಿತೆಂದೂ ಬರೆದಿತ್ತು.

"ಇದನ್ನ ನಾನು ಹೇಳೇ ಇಲ್ಲ!" ಎಂದು ಅವನು ಗಟ್ಟಿಯಾಗಿಯೇ ಹೇಳಿದ. ತನ್ನ ಮಾತಿಗೆ ಯಾವನೋ ಗುಮಾಸ್ತ ಕೂತಲ್ಲೇ ಬಾಲ ಕಟ್ಟಿದ್ದು ಅವನಿಗೆ ಸಹಿಸಲಾಗಲಿಲ್ಲ. ಇತಿಹಾಸದ ಬಗ್ಗೆ ಜನಕ್ಕೆ ಹೆದರಿಕೆಯೇ ಇಲ್ಲದಂತಾಯಿತಲ್ಲ ಎಂದು ಗೊಣಗುತ್ತ, ಕಚೇರಿಗೆ ಖಾರವಾಗಿ ಬರೆಯಬೇಕೆಂದುಕೊಳ್ಳುತ್ತ ಇಳಿದ.

ಪಿಯೆವೆಸೊರ್ದಾದ ಹಲಗೆಯ ಸುತ್ತ ನೋಡಿದರೆ ಎಲ್ಲ ಪರಿಚಯದ ಮುಖಗಳೇ. ಎಜೀಸ್ತೊ ಇದ್ದ, ಅವನ ಎದುರಿಗೆ ಫುಲ್ವಿಯಾ ಇದ್ದಳು, ಪಾದ್ರಿಗಳು ಇದ್ದರು, ಬಾಗಿಲು ಹಾಕಿಕೊಂಡು ಬಂದ ಬಾರಿನವನೂ ಇದ್ದ. ಒಬ್ಬರೂ ಮುಖ ತಪ್ಪಿಸಲಿಲ್ಲ.

"ನಿಂತೇ ಇದೀಯಲ್ಲ, ಕೂತ್ಕೋ," ಎಂದಳು ಝೆಲಿಂದಾ. "ಎಜೀಸ್ತೊ, ಸ್ವಲ್ಪ ಸರಿಯೋ, ನಿಮ್ಮ ಮೇಯರ್ರು ಹಸಿದಿದಾರೆ."

ಎಜೀಸ್ತೊ ಬಾಯಿ ತುಂಬ ಅಗಿಯುತ್ತಲೇ ಸರಿದ. ಒತ್ತೊರೀನೊ ಚಮಚ ತೆಗೆದುಕೊಂಡು, ತನ್ನ ಪಾಲಿನ ಪೊಲೆಂಟಾದ ಸುತ್ತ ಒಂದು ಗೆರೆ ಎಳೆದು, ಗೆರೆ ಸ್ವಲ್ಪ ಫುಲ್ವಿಯಾಳ ಕಡೆಗೆ ಹೋದದ್ದನ್ನು ಯಾರಾದರೂ ನೋಡಿದರೇ ಎಂದು ಒಮ್ಮೆ ಕಣ್ಣಾಡಿಸಿ, ತಿನ್ನತೊಡಗಿದ.