ಭುಜಂಗ ರಾಯರ ಬೆಳ್ಳುಳ್ಳಿ ಎಣ್ಣೆ

ನಾಸಿಕದಲ್ಲಿ ಉಡುಪಿ ಹೋಟೆಲು ಇಟ್ಟಿದ್ದ ಭುಜಂಗ ರಾಯರಿಗೆ ಗೊತ್ತಿಲ್ಲದ ಮದ್ದೇ ಇರಲಿಲ್ಲ. ಮಂಡಿನೋವಾಗಲಿ, ಮಕ್ಕಳ ಕೆಮ್ಮಾಗಲಿ, ಗಲ್ಲಾದ ಮುಂದೆ ನಿಂತವರಿಗೆ ಬಡೆಸೋಪಿನ ಜೊತೆ ಒಂದು ಉಪದೇಶವೂ ಸಿಗುತ್ತಿತ್ತು. ಹೆಂಡತಿ ಸುಗುಣಾ ಮಾತ್ರ ಅವರು ಬಾಯಿ ತೆರೆದ ಕೂಡಲೇ ಮಿಕ್ಸಿ ಹಾಕುತ್ತಿದ್ದಳು.

ದೀಪಾವಳಿ ಹೊತ್ತಿಗೆ, ಗೋದಾಮಿನ ಇಲಿಗಳಿಗಾಗಿ ಸಾಕಿದ್ದ ಬೆಕ್ಕು ಚಿನ್ನಿಗೆ ಸ್ಕೂಟರ್ ಬಡಿದು ಎಡಗಿವಿಯಿಂದ ರಕ್ತ ಸುರಿಯಿತು. ಸುಗುಣಾ ಡಾಕ್ಟರ ಹತ್ತಿರ ಹೋಗುವ ಎಂದಳು.

"ಎಂತ ಡಾಕ್ಟರು ಮಾರಾಯ್ತಿ? ಊರಲ್ಲಿ ನಮ್ಮ ಕಿವಿಗೆ ಅಜ್ಜಿ ಬಿಡ್ತಿದ್ದದ್ದು ಇದನ್ನೇ ಅಲ್ವಾ?" ಎನ್ನುತ್ತ ರಾಯರು ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಸುರಿದರು. ರಕ್ತ ನಿಂತಿತು. ಬೆಕ್ಕು ಗುಣವಾಯಿತೆಂದು ಗಲ್ಲಾದಿಂದ ಘೋಷಣೆಯೂ ಆಯಿತು.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಚಿನ್ನಿಯ ಕಿವಿಯ ಬುಡ ನಿಂಬೆಹಣ್ಣಿನಂತೆ ಊದಿತು. ತಲೆ ಒಂದು ಕಡೆ ವಾಲಿತು. ಯಾರಾದರೂ ಕೈ ಚಾಚಿದರೆ ಅದು ತಲೆ ಎಳೆದುಕೊಂಡು ಮಂಚದ ಕೆಳಗೆ ಸೇರುತ್ತಿತ್ತು. ನಾಸಿಕದ ಡಾಕ್ಟರು ಸಂಭಾಜಿನಗರದ ಶಸ್ತ್ರವೈದ್ಯೆಯ ಹೆಸರು ಬರೆದುಕೊಟ್ಟರು.

ಅಲ್ಲಿಗೆ ಹೋಗುವ ದಾರಿಯಲ್ಲಿ ರೇಷ್ಮೆ ಸೀರೆಗೆ ಹೆಸರಾದ ಯೇವಲಾ ಬಂದಾಗ ರಾಯರು ಕಾರು ನಿಧಾನ ಮಾಡಿದರು. "ಆಪರೇಷನ್ ಗೀಪರೇಷನ್ ಬೇಡ. ನಿನಗೊಂದು ಪೈಠಣಿ ಸೀರೆ ತೆಗೆದುಕೊಡ್ತೇನೆ, ವಾಪಸ್ ಹೋಗುವ."

"ಯಾರಿಗೆ, ಬೆಕ್ಕಿಗೆ ಉಡಿಸ್ಲಿಕ್ಕಾ? ಸುಮ್ಮನೆ ಕಾರು ಬಿಡಿ."

ಸಂಭಾಜಿನಗರದ ಡಾಕ್ಟರ್ ಮೃಣಾಲಿನಿ ಸ್ಕ್ಯಾನ್ ತೋರಿಸಿ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಸ್ಕೂಟರ್ ಬಡಿದ ಪೆಟ್ಟಿನಿಂದ ಕಿವಿಯ ನಾಳ ಒಳಗೇ ತುಂಡಾಗಿತ್ತು. ಗಾಯ ಆರುತ್ತ ಹೊರಗಿನ ತುಂಡು ಮುಚ್ಚಿಕೊಂಡಿತ್ತು. ಒಳಗಿನ ತುಂಡಿನಲ್ಲಿ ಹೊರಬರಲು ದಾರಿಯಿಲ್ಲದ ಕೀವು ತುಂಬಿತ್ತು. ಆಗಲೇ ತಂದಿದ್ದರೆ ಎರಡು ತುದಿಗಳನ್ನು ಸೇರಿಸಿ ಹೊಲಿಯಬಹುದಿತ್ತೇನೋ. ಈಗ ಕೀವು ಮಧ್ಯಕಿವಿಯ ಮೂಳೆಗೂ ಇಳಿದಿದೆ, ಇಡೀ ನಾಳ ತೆಗೆದು ಮೂಳೆ ಸ್ವಚ್ಛ ಮಾಡಬೇಕು. ಆ ಕಿವಿ ಕೇಳುವುದಿಲ್ಲ. ಪಕ್ಕದಲ್ಲೇ ಮುಖದ ನರವಿದೆ, ರೆಪ್ಪೆ ಸೋಲಲೂಬಹುದು. ಬಿಟ್ಟರೆ ಕೀವು ಮಿದುಳಿಗೇರುತ್ತದೆ.

"ಮ್ಯಾಡಮ್, ಎಣ್ಣೆ ಸ್ವಲ್ಪ ಬಿಸಿ ಕಡಿಮೆ ಆಯ್ತೇನೋ," ಎಂದರು ರಾಯರು.

"ಕಾಕಾ, ಮುಚ್ಚಿದ ಬಾಗಿಲಿಗೆ ಎಣ್ಣೆ ಸುರಿದ್ರೆ ಒಳಗಿನವರಿಗೆ ಏನು ಸಿಗತ್ತೆ?"

"ಅಲ್ಲ, ಕಿವಿಯ ತೂತೇ ಇಲ್ಲದ ಬೆಕ್ಕು ಅಂದ್ರೆ ನೋಡಿದವ್ರು ಎಂತ ಹೇಳ್ತಾರೆ..."

ಸುಗುಣಾ ಗಂಡನ ಕಡೆ ತಿರುಗಲೂ ಇಲ್ಲ. "ಮಾಡಿ ಡಾಕ್ಟ್ರೇ. ಇವರನ್ನು ಕೇಳಿದ್ದಕ್ಕೇ ಅದು ಇಷ್ಟು ಅನುಭವಿಸಿದ್ದು."

ಸಂಜೆ ಚಿನ್ನಿಗೆ ಎಚ್ಚರವಾಯಿತು. ಅರ್ಧ ಬೋಳಾದ ತಲೆ, ಸಾಲು ಹೊಲಿಗೆ. ಎಡಗಣ್ಣಿನ ರೆಪ್ಪೆ ಮುಚ್ಚುತ್ತಿರಲಿಲ್ಲ. ನರ ಚೇತರಿಸಿಕೊಳ್ಳುವ ತನಕ ಕಣ್ಣು ಒಣಗದಂತೆ ಹನಿ ಬಿಡುತ್ತಿರಬೇಕು ಎಂದರು ಡಾಕ್ಟರು. ಹನಿ ಬಿಡುವ ಕೆಲಸವೆಂದರೆ ತಮ್ಮದೇ ಎಂಬಂತೆ ರಾಯರು ಸೀಸೆಗೆ ಕೈ ಚಾಚಿದರು.

"ನಿಮ್ಮ ಕೈ ಇನ್ನು ಅದರ ತಲೆ ಹತ್ತಿರ ಬರಬಾರ್ದು," ಎಂದಳು ಸುಗುಣಾ. "ಬೆಕ್ಕಿನ ಬುಟ್ಟಿ ಹಿಡ್ಕೊಳ್ಳಿ, ಅಷ್ಟು ಸಾಕು."

ರಾಯರು ಬುಟ್ಟಿ ಹಿಡಿದು ನಿಂತರು. ಸುಗುಣಾ ಸೀಸೆ ತೆರೆದು ಬಗ್ಗಿದಳು. ಚಿನ್ನಿ ತಲೆ ಎಳೆದುಕೊಳ್ಳಲಿಲ್ಲ.